ಐನೂರು ಕೋಟಿ

ಡಬ್ಬಿ ಮ್ಯಾಲೆ ಬರದೈತಿ:
ಒಂದ ಗುಳಿಗಿಯೊಳಗ ಐನೂರು ಕೋಟಿ ಜೀವ.
ಹುಬ್ಬಳ್ಳಿ ಧಾರವಾಡ ಎರಡೂ ಕೂಡಿಸಿದ್ರೂ
ಹತ್ತೋ ಹನ್ನೆರಡೋ ಲಕ್ಷ ನಾವು,
ಅಷ್ಟಕ್ಕ ಟೋಲ್ ನಾಕಾದಾಗ ನಿಲ್ಲಾಕ ಜಾಗ ಇಲ್ಲ.

ನಾದಿನಿ ತಂದುಕೊಟ್ಟಾಳ, ಮೂವತ್ತು ಗುಳಿಗಿ,
ಒಂಬೈನೂರ ಚಿಲ್ಲರ ರೂಪಾಯಿ.
"ಬಸಿರಾಗ ಸಕ್ಕರಿ ಬರೂದಿಲ್ಲ, ಕೂಸಿಗೆ ಕಜ್ಜಿ ಆಗೂದಿಲ್ಲ,
ನಿನಗೂ ಹೊಟ್ಟಿ ಹಗುರ."
ಯಾರು ಹೇಳಿದ್ರು ಅಂದ್ರ
ಅಂಗಡ್ಯಾಂವ, ಅಂದಳು.

ನಾನು ವಿದ್ಯಾನಗರದ ಲ್ಯಾಬಿನ್ಯಾಕಿ.
ಹನ್ನೊಂದು ವರ್ಷ ಮಂದಿ ಹೇಲು, ಉಚ್ಚಿ, ಕಫ
ಗಾಜಿನ ಮ್ಯಾಲೆ ಸವರಿ ನೋಡೇನಿ.
ಡಬ್ಬಿ ಹೇಳಿದ್ದು ನಂಬೂದು ನನ್ನ ಕಸಬಿನ್ಯಾಗ ಇಲ್ಲ.

ಏಳು ತಿಂಗಳ ಹೊಟ್ಟಿ ಮೇಜಿಗೆ ಆನಿಸಿ
ಒಂದು ಗುಳಿಗಿ ಬಿಚ್ಚಿದೆ. ಬಿಳೇ ಹುಡಿ,
ಮೂಸಿದ್ರ ಹಳೇ ಗೋಡಿ ಸುಣ್ಣದ ನೆನಪು.
ತಂತಿ ಕುಣಿಕಿ ಕಾಸಿ, ಆರಿಸಿ,
ಅಗಾರ್ ತಟ್ಟಿ ತುಂಬ ಗೆರಿ ಎಳದು
ಇನ್‌ಕ್ಯುಬೇಟರಿನ ಬಾಗಿಲ ಮುಚ್ಚಿದೆ.
"ಯಾವ ಪೇಶಂಟಿಂದು, ಮೇಡಂ?" ರಿಯಾಜ ಕೇಳಿದ.
ತಟ್ಟಿ ಬೆನ್ನಿಗೆ ಬರದಿದ್ದೆ:
ಕಸ್ತೂರಿ ಸವದತ್ತಿ, ೩೪.

ಎಲ್ಡು ದಿನಕ್ಕ ಮೂಡಿದ್ವು.
ಸಣ್ಣ ಸಣ್ಣ ಬಿಳೇ ಚುಕ್ಕಿ, ಕಸಕಸಿ ಚೆಲ್ಲಿಧಂಗ.
ಐನೂರು ಕೋಟಿ ಹೌದೋ ಅಲ್ಲೋ ನಾ ಎಣಸಲಿಲ್ಲ,
ಬದುಕ್ಯಾವ ಅನ್ನೂದಷ್ಟು ಖರೆ.
ಮೋಸಾ ಹೋಗಿಲ್ಲ ಅಂತ ಒಂದು ಗಳಿಗಿ ಖುಷಿ ಆತು.
ಆಮ್ಯಾಲೆ ಅನಿಸಿತು:
ಹಾಜರಿ ಹಾಕೂ ಮಂದಿ ಎಲ್ಲಾ
ಕೆಲಸ ಮಾಡ್ತಾರೇನು, ನಮ್ಮ ಆಫೀಸಿನ್ಯಾಗ?

ಹುಯಿಲಗೋಳ ಡಾಕ್ಟರಮ್ಮ ಚಷ್ಮಾ ತಗದು ಒರಸಿಕೋತ
"ಸಕ್ಕರಿಗೆ ಅಂತ ಹುಡುಕ್ಯಾರ, ಸಿಕ್ಕಿಲ್ಲ.
ಬಿ.ಪಿ. ಏರತೈತೇನೋ ಅಂತ ಕೆಲವರಿಗೆ ಅನುಮಾನ.
ಕೂಸಿನ ಕಜ್ಜಿಗೆ ಆದೀತು ಸ್ವಲ್ಪ; ಆದ್ರ ಯಾವ ಜಾತಿ,
ಎಷ್ಟು, ಯಾವಾಗಿಂದ, ಒಬ್ಬರ ಮಾತು ಒಬ್ಬರಿಗೆ ಕೂಡೂದಿಲ್ಲ.
ನಾ ಅಂತೂ ಬರದು ಕೊಡೂದಿಲ್ಲ.
ಕಾಲು ತೋರಸು, ಬಾತಾವೇನು?"
ಬಾತಿದ್ವು. ಚಪ್ಪಲಿ ಪಟ್ಟಿ ಗುರುತು ಕೂತಿತ್ತು.

ನವಲೂರಿಗೆ ಹೊಳ್ಳಿ ಹೋಗೂವಾಗ
ಚಿಗರಿ ಬಸ್ಸಿನ್ಯಾಗ ಯಾರೋ ಸೀಟು ಬಿಟ್ರು.
ನನ್ನ ಜೋಡಿ ಹತ್ತಿದವರು ಉಣಕಲ್ಲಿಗೆ ಇಳದ್ರು,
ರಾಯಾಪುರಕ್ಕ ಬ್ಯಾರೆ ಮಂದಿ,
ಗಾಜಿನ ಮ್ಯಾಲೆ ಕೈ ಬೆವರು ಬಿಟ್ಟು ಅವರೂ ಹೋದ್ರು.
ಗುಳಿಗ್ಯಾನ ಜೀವನೂ ಭಾಳ ಸಲ ಹಿಂಗ ಅಂತ:
ಬಾಯಾಗ ಹತ್ತಿ, ಕರುಳು ಹಿಡದು ಸಾಗಿ
ನಾಕು ದಿನಕ್ಕ ಇಳದು ಹೋಗೂವು.
ಒಳಗ ಮೊದಲಿಂದ ಮನಿ ಹಿಡದವು, ನಮ್ಮವ್ವನಿಂದ ಬಂದವು,
ಜಾಗ ಬಿಡಬೇಕಲ್ಲ.
ನನ್ನ ಹಾದಿಯೊಳಗ ಹೊರಗ ಬರೂವಾಗ
ಈ ಕೂಸೂ ಮೈಗೆ ಬಳಕೊಂಡು ಬರ್ತೈತಿ ಅವನ್ನ,
ಯಾರೂ ಎಣಸದ, ಯಾರೂ ಬೆಲಿ ಕಟ್ಟದ ಬಳುವಳಿ.

ಮಗ್ಗಲಮನಿ ಸಾದಿಕಗ ಕಿವಿನೋವಿನ ಔಷಧ ತಗೊಂಡು ಹೊಟ್ಟಿ ಕೆಟ್ಟಿತ್ತು.
ಡಬ್ಬಿ ಅವರ ಕೈಯಾಗ ಇಟ್ಟೆ,
ಅವರ ಡಾಕ್ಟರನ್ನ ಕೇಳಿ ಕೊಡ್ರಿ, ಇಂಥಾದ್ದಕ್ಕ
ಒಂದಿಷ್ಟು ಗುಣ ಕಂಡಾರ ಅಂತ ಅಂದೆ.
ಮೂರು ದಿನಕ್ಕ ನಿಂತಿತು.
ಗುಳಿಗಿಗೆ ನಿಂತಿತೋ, ನಿಲ್ಲೂ ಹೊತ್ತಾಗಿತ್ತೋ,
ಅದನ್ನ ಯಾವ ತಟ್ಟಿಯೊಳಗ ಬೆಳಸಿ ನೋಡಲಿ?

ಸಂಜಿಕೆ ಗೌಳಿ ಠಕ್ಕೂಬಾಯಿ ಎಮ್ಮಿ ಮೊಸರು ತಂದಳು.
"ಇದೂ ಅದ ಅಲ್ಲೇನು?" ನಾದಿನಿ ನಕ್ಕಳು.
ಅಲ್ಲ ಅನ್ನಾಕ ಆಗಲಿಲ್ಲ, ಹೌದು ಅನ್ನಾಕೂ.
ಗಡಿಗಿ ಮ್ಯಾಲೆ ಏನೂ ಬರದಿದ್ದಿಲ್ಲ.
ಕಟಕ ರೊಟ್ಟಿ ಮುರದು, ಹಸಿ ಉಳ್ಳಾಗಡ್ಡಿ ಕಡಕೊಂಡು ಉಂಡೆ,
ಯಾವ ಗುಣಕ್ಕೂ ಅಲ್ಲ,
ಹಸದಿದ್ದೆ.

ಮರುದಿನ ತಟ್ಟಿ ಬೇಯಿಸಿ ಚೆಲ್ಲೂ ಮೊದಲು
ರಿಯಾಜ ರಿಜಿಸ್ಟರ ತಗದು ನಿಂತ:
"ಏನಂತ ಬರೀಲಿ, ಮೇಡಂ?"
ಒಳಗ ಕೂಸು ಒದೀತು, ಮೇಜಿನ ಅಂಚಿಗೆ.
ಬೆಳದಾವ ಅಂತ ಬರಿ, ಅಂದೆ.
ಮುಂದಿನ ಕಾಲಂ ಖಾಲಿ ಬಿಡು.